ಅಪ್ಪನ ಎಂಜಿಬಿ ಮತ್ತೆ ರಸ್ತೆಗಿಳಿಯಿತು

ಅಪ್ಪನ ಗಾಡಿ, ಆ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ, ಓಡುತ್ತಿದೆ. ಹೊಗೆ ಇಲ್ಲ. ಬೆಳಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಸೈಲೆನ್ಸರಿನಿಂದ ಒಂದಿಷ್ಟು ಬಿಳಿ ಆವಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಮಡಿಕೇರಿಯ ಚಳಿಗೆ ಅಷ್ಟು ಸಹಜ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟಿಯೇ ಹುಟ್ಟುತ್ತದೆ. ನಮ್ಮನ್ನು ಕಾಡಿದ್ದು ನೀಲಿ ಹೊಗೆ, ಆಯಿಲ್ ಸುಟ್ಟ ಹೊಗೆ. ಅದು ಹೋಯಿತು. ಪ್ರತಿಯೊಬ್ಬರಿಗೂ ಫೋನ್ ಮಾಡಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಏನೇನಾಯಿತು, ಅರ್ಧ ಬಿಚ್ಚಿದ ಇಂಜಿನ್ನು ಷೆಡ್ಡಿನಲ್ಲಿ ಹೇಗೆ ಉಳಿಯಿತು ಅನ್ನೋದೆಲ್ಲ ನಿಮಗೆ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಇಂಗ್ಲೆಂಡಿನಿಂದ ಪಿಸ್ಟನ್, ಬೇರಿಂಗ್ ತಂದುಕೊಟ್ಟ ಅತ್ತೆಯ ಮಗ, ಇಂಜಿನ್ ಎತ್ತಲು ಚೈನ್ ಬ್ಲಾಕ್ ಕೊಟ್ಟ ಪಕ್ಕದ ತೋಟದವರು, ಮಳೆಯಲ್ಲಿ ನೆನೆದುಕೊಂಡು ಗಾಡಿ ತಳ್ಳಿದ ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗರು, ಲೆಕ್ಕ ಕೇಳದೆ ದುಡ್ಡು ಕೊಟ್ಟ ಚಿಕ್ಕಪ್ಪ, ಎಲ್ಲರಿಗೂ ಕೈಮುಗಿದು ಧನ್ಯವಾದ. ಅಮ್ಮನಿಗೆ ಏನು ಹೇಳಲಿ? ಆಯಿಲ್ ಮೆತ್ತಿದ ನನ್ನ ಬಟ್ಟೆ ನೋಡಿಯೂ ಅವರು ಒಂದು ಮಾತು ಆಡಲಿಲ್ಲ.

ಈಗ ಕಾಕನ ವಿಷಯ, ಅಪ್ಪ ಈ ಗಾಡಿ ಒಪ್ಪಿಸಿದ್ದ ವಿರಾಜಪೇಟೆಯ ಮೆಕ್ಯಾನಿಕ್. ಇದು ಸ್ವಲ್ಪ ಉದ್ದವಾಗುತ್ತದೆ.

ಇಂಜಿನ್ ಮೊದಲ ಸಲ ಸ್ಟಾರ್ಟ್ ಆದ ದಿನ ನೀವು ತುಂಬಾ ಜನ ಇದ್ದಿರಿ. ಷೆಡ್ ತುಂಬ ಹೊಗೆ. ಹೊಸದಾಗಿ ಜೋಡಿಸಿದ ಇಂಜಿನ್, ಒಳಗೆ ಹಚ್ಚಿದ ಆಯಿಲ್ ಸುಡಬೇಕಲ್ವಾ, ಆಮೇಲೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳಿದರು. ಆ ಮಾತು ತಪ್ಪಲ್ಲ. ಆ ದಿನದ ಹೊಗೆ ನಿಂತಿತು ಕೂಡ. ಆದರೆ ಮರುದಿನ ಬೆಳಗ್ಗೆ ಮತ್ತೆ ನೀಲಿ ಹೊಗೆ. ಅದರ ಮರುದಿನವೂ ಅಷ್ಟೇ. ಪಿಸ್ಟನ್ ಸುತ್ತಲಿನ ರಿಂಗ್ ಕೂತಿಲ್ಲ, ಪೂರ್ತಿ ಇಂಜಿನ್ ಇಳಿಸಿ ಮತ್ತೆ ಬಿಚ್ಚಬೇಕು ಅಂತ ಮಾತು ಶುರುವಾಯಿತು. ನನ್ನ ಹತ್ತಿರ ಅದಕ್ಕೆ ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಬೆಂಗಳೂರಿನವರೊಬ್ಬರು ಇದ್ದ ಹಾಗೇ ತೆಗೆದುಕೊಳ್ಳುತ್ತೇನೆ ಅಂದಿದ್ದರು. ಕೊಟ್ಟುಬಿಡೋಣ ಅಂತ ತೀರ್ಮಾನ ಮಾಡಿ, ಅದನ್ನು ತಿಳಿಸಲು ಕಾಕನಿಗೆ ಫೋನ್ ಮಾಡಿದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಮೋಳೇ (ಮಗಳೇ), ಎಷ್ಟು ಹೊಗೆ ಅಂತ ಆಮೇಲೆ ನೋಡುವ. ಯಾವಾಗ ಬರ್ತದೆ ಅದು ಹೇಳು."

ಯಾವಾಗ? ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ. ಉಳಿದ ಹೊತ್ತು ಶುದ್ಧ. ಏರಿನಲ್ಲಿ ಎಳೆಯುವಾಗಲೂ ಹೊಗೆ ಇರಲಿಲ್ಲ. ರಿಂಗ್ ಹಾಳಾಗಿದ್ದರೆ ಭಾರ ಬಿದ್ದಾಗ ಬಿಡದೆ ಹೊಗೆ ಬರಬೇಕು. ಹೀಗೆ ಬಂದು ಹೋಗುವ ಹೊಗೆ ಜಾಸ್ತಿ ಸಲ ಮೇಲಿಂದ, ಅಂದರೆ ವಾಲ್ವಿನ ಕಡ್ಡಿ ಏರಿಳಿಯುವ ಕೊಳವೆಯಾದ ವಾಲ್ವ್ ಗೈಡಿನಿಂದ ಬರುತ್ತದೆ. ಇಂಜಿನ್ ನಿಂತ ಮೇಲೆ ಹೆಡ್ಡಿನ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳದ, ಮೇಲೆ ಉಳಿದ ಆಯಿಲ್ ವಾಲ್ವಿನ ಕಡ್ಡಿಗುಂಟ ಮೆಲ್ಲಗೆ ಕೆಳಗಿಳಿದು ಕೂರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅದೇ ಸುಡುವುದು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿರುವಾಗ ಇಂಜಿನ್ ಒಳಗಿನ ಸೆಳೆತ ಜೋರಾಗಿರುತ್ತದೆ, ಆಗ ಆಯಿಲನ್ನು ಎಳೆದುಕೊಳ್ಳುತ್ತದೆ. ಇದನ್ನೆಲ್ಲ ಕಾಕ ಫೋನಿನಲ್ಲೇ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ಸಂಜೆ ವಿರಾಜಪೇಟೆಯಿಂದ ಬಸ್ಸು ಹತ್ತಿ ಬಂದೇಬಿಟ್ಟರು.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋಗಿತ್ತು. ಮೊದಲು ಅವರು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದರು. ನಾಲ್ಕೂ ಸಿಲಿಂಡರಿನಲ್ಲಿ ಚದರ ಇಂಚಿಗೆ 155ರಿಂದ 160 ಪೌಂಡ್. ಒಂದೊಂದಕ್ಕೂ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಮುಳ್ಳು ಹೆಚ್ಚೇನೂ ಏರಲಿಲ್ಲ. ರಿಂಗ್ ಸೋರುತ್ತಿದ್ದರೆ ಆಯಿಲ್ ಆ ಸಂದನ್ನು ಮುಚ್ಚಿ ಅಳತೆ ಏರಬೇಕಿತ್ತು. "ಕೆಳಗೆ ಕೈ ಹಾಕುವ ಕೆಲಸ ಇಲ್ಲ. ಹೆಡ್ ಮಾತ್ರ ಬಿಚ್ಚುವ," ಅಂದರು. ಆ ಒಂದು ಮಾತಿಗೆ ನನ್ನ ಎದೆಯ ಮೇಲಿನ ಅರ್ಧ ಭಾರ ಇಳಿಯಿತು.

ಎಂಜಿಬಿ ಕೊಡಗಿನಲ್ಲಿ ದಿನಾ ಕಾಣುವ ಗಾಡಿ ಅಲ್ಲ. ಕಾಕ ತಮ್ಮ ಜೀವನವಿಡೀ ಅಂಬಾಸಿಡರ್ ಬಿಚ್ಚಿದವರು. ಆದರೆ ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ಮನೆತನದವು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ ಸೀರೀಸ್. ಬೋರು, ಅಂದರೆ ಸಿಲಿಂಡರಿನ ಅಗಲ, ಬೇರೆ; ಪಿಸ್ಟನ್ ಏರಿ ಇಳಿಯುವ ದೂರ ಎರಡರಲ್ಲೂ 88.9 ಮಿಲಿಮೀಟರ್. ಹಾಗಾಗಿ ಅವರ ಕೈಗೆ ದಾರಿ ಗೊತ್ತಿತ್ತು. ವಾಲ್ವ್‌ಗಳನ್ನು ಒತ್ತುವ ರಾಕರ್ ಬಿಚ್ಚುವ ಮೊದಲೇ ರೇಡಿಯೇಟರಿನ ನೀರು ಇಳಿಸಿದರು, ರಾಕರಿನ ಕೆಲವು ನಟ್ಟುಗಳೇ ಹೆಡ್ಡನ್ನೂ ಹಿಡಿದಿರುತ್ತವೆ, ಸಡಿಲಿಸಿದರೆ ನೀರು ಸೋರಬಹುದು. ರಾಕರನ್ನು ತಳ್ಳುವ ಪುಷ್‌ರಾಡ್ ಕಡ್ಡಿಗಳನ್ನು ತೆಗೆದ ಕ್ರಮದಲ್ಲೇ ಒಂದು ರಟ್ಟಿನ ಡಬ್ಬಕ್ಕೆ ತೂತು ಮಾಡಿ ಸಿಕ್ಕಿಸಿಟ್ಟರು.

ಹೆಡ್ ಮೇಜಿನ ಮೇಲೆ ಬಂದಾಗ ನಡುರಾತ್ರಿ ಕಳೆದಿತ್ತು. ಕಾಕ ಮೂರನೇ ಸಿಲಿಂಡರಿನ ಇನ್‌ಲೆಟ್ ವಾಲ್ವಿನ ಸ್ಪ್ರಿಂಗ್ ತೆಗೆದು, ವಾಲ್ವನ್ನು ಒಂದಿಷ್ಟು ಮೇಲೆತ್ತಿ, ಅದರ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂದಿತು. "ನೀನು ಹಿಡಿ," ಅಂದರು. ಹಿಡಿದೆ. ಆಮೇಲೆ ಪಕ್ಕದ ಎಕ್ಸಾಸ್ಟ್ ವಾಲ್ವ್ ಹಿಡಿಸಿದರು. ಅದು ಅಲುಗಲೇ ಇಲ್ಲ. ಕೂದಲೆಳೆಯಷ್ಟೂ ಸಂದು ಇರಬಾರದ ಕಡೆ ವಾಲ್ವ್ ಓಲಾಡುತ್ತಿತ್ತು. ಇನ್‌ಲೆಟ್ ಗೈಡ್‌ಗಳನ್ನು ಹೊಸದಾಗಿ ಹಾಕಿಸಿದ್ದು ದೂರದ ಊರಿನ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿ ತೂತನ್ನು ಅಳತೆಗೆ ತರಲು ರೀಮರ್ ಹೊಡೆಯುವಾಗ ತೂತು ದೊಡ್ಡದಾಗಿತ್ತು. ಹೆಸರು ಬೇಡ. ಕಾಕನೂ ಅವರನ್ನು ಒಂದು ಮಾತು ಬಯ್ಯಲಿಲ್ಲ.

ಅಷ್ಟು ಹೊತ್ತು ನಾನು ಸರಿಯಾಗಿಯೇ ಇದ್ದೆ. ಬಿಚ್ಚಿದ ನಟ್ಟು ಹಾಕಿಡಲು ಡಬ್ಬಿ ಬೇಕಿತ್ತು. ಶೆಲ್ಫಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ತೆಗೆದೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಅಪ್ಪನ ಅಕ್ಷರ: "ರಾಕರ್ ಕವರ್. ಕಳೆಯಬೇಡ." ಆಸ್ಪತ್ರೆಯಲ್ಲೂ ಅಳದವಳು ಅಲ್ಲಿ, ಆ ನೆಲದ ಮೇಲೆ ಕೂತು ಅತ್ತೆ. ಇನ್ನು ಯಾರಿಗೋಸ್ಕರ ಈ ಗಾಡಿ ಅಂತ ಕೇಳಿದೆ. ಕೂಗಿಯೇ ಕೇಳಿದೆ ಅನಿಸುತ್ತದೆ.

ಕಾಕ ಸ್ಪ್ಯಾನರ್ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತರು. ಸಮಾಧಾನ ಹೇಳಲಿಲ್ಲ. ಅಪ್ಪ ಮೊದಲ ಸಲ ಈ ಗಾಡಿಯನ್ನು ಅವರ ಹತ್ತಿರ ತಂದ ದಿನದ ಕತೆ ಹೇಳಿದರು. "ಆವತ್ತು ನನ್ನ ಅಂಗಡಿಗೆ ಬೋರ್ಡ್ ಕೂಡ ಇರ್ಲಿಲ್ಲ. ಮೂರು ಸ್ಪ್ಯಾನರ್, ಒಂದು ಜಾಕ್. ನಿಮ್ಮಪ್ಪ ಗಾಡಿ ನಿಲ್ಸಿ, ಕೀ ಕೊಟ್ಟು, ಸಂತೆಗೆ ಹೋದ್ರು. ಆಗ್ತದಾ ಅಂತಲೂ ಕೇಳ್ಲಿಲ್ಲ." ಅಷ್ಟು ಹೇಳಿ ಎದ್ದು ಉಳಿದ ವಾಲ್ವ್‌ಗಳನ್ನು ಬಿಚ್ಚತೊಡಗಿದರು. ನಾನು ಟಾರ್ಚ್ ಹಿಡಿದೆ.

ಬೆಳಗಿನ ಜಾವ ಕೈಯ ಆಯಿಲನ್ನು ಸೀಮೆಎಣ್ಣೆ, ಸೋಪು ಹಾಕಿ ತಿಕ್ಕಿ ತೊಳೆದು, ಶುದ್ಧವಾದ ಕಾಫಿ ಗೋಣಿಯೊಂದನ್ನು ಹಾಸಿಕೊಂಡು ನಮಾಜು ಮಾಡಿದರು. ಅಮ್ಮ ಬೆಲ್ಲದ ಕಾಫಿ, ನೂಲ್ಪುಟ್ಟು ತಂದಿಟ್ಟರು. ತಿಂದು, ಹೆಡ್ಡನ್ನು ಅದೇ ಗೋಣಿಯಲ್ಲಿ ಸುತ್ತಿ, ತಾವೇ ಮೈಸೂರಿಗೆ ಹೊತ್ತುಕೊಂಡು ಹೋದರು. ಅಲ್ಲಿನ ಹಳೆಯ ಲೇತ್ ಮೇಸ್ತ್ರಿಯೊಬ್ಬರು ಹೊಸ ಗೈಡ್ ಕೂರಿಸಿ ಅಳತೆಗೆ ತಂದುಕೊಟ್ಟರು. ಅವರಿಗೂ ನನ್ನ ನಮಸ್ಕಾರ. ವಾಪಸ್ ಜೋಡಿಸುವಾಗ ವಾಲ್ವಿನ ಸೀಲ್‌ಗಳನ್ನು ಕಾಕ ನನ್ನ ಕೈಯಲ್ಲೇ ಹಾಕಿಸಿದರು. ಸ್ಪ್ರಿಂಗನ್ನು ಒತ್ತಿ ಹಿಡಿದ ಮೇಲೆಯೇ ಆ ರಬ್ಬರ್ ರಿಂಗ್ ಹಾಕಬೇಕು, ಅವಸರ ಮಾಡಿದರೆ ಹರಿದುಹೋಗುತ್ತದೆ.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋದಿನ ದಿನ ಕೋವಿಯ ಪಕ್ಕದಲ್ಲಿ ಅಪ್ಪನ ಸ್ಪ್ಯಾನರ್ ಪೆಟ್ಟಿಗೆಯನ್ನೂ ಇಟ್ಟು ತೋಕ್ ಪೂ (ಕೋವಿ ಹೂ) ಏರಿಸಿದೆವು. ಆಮೇಲೆ ಸಂಪಾಜೆ ಘಾಟಿ. ಗೈಡ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಮಡಿಕೇರಿಯಿಂದ ಕೆಳಗಿನ ತನಕ ಗೇರಿನಲ್ಲೇ ಇಳಿದು, ಸಂಪಾಜೆಯಲ್ಲಿ ಜೋರಾಗಿ ಒತ್ತಿದೆ. ಹಿಂದೆ ಜೀಪಿನಲ್ಲಿ ಬರುತ್ತಿದ್ದ ತಮ್ಮ ಹಾರ್ನ್ ಹೊಡೆದು ಕೈ ಆಡಿಸಿದ. ಹೊಗೆ ಇಲ್ಲ. ಮೇಲೆ ಬರುವಾಗ ಇಂಜಿನ್ನಿಗೆ ಚೆನ್ನಾಗಿ ಭಾರ ಬಿತ್ತು, ಹೊಸ ರಿಂಗ್ ಬೋರಿಗೆ ಕೂರಲು ಬೇಕಾದ್ದೂ ಅದೇ. ಹೊಸ ಇಂಜಿನ್ನನ್ನು ಸುಮ್ನೆ ನಿಲ್ಲಿಸಿಕೊಂಡು ಐಡಲ್‌ನಲ್ಲಿ ಓಡಿಸುವವರು ಇದನ್ನು ಗಮನಿಸಬೇಕು.

ಕಾಕ ದುಡ್ಡು ಮುಟ್ಟಲಿಲ್ಲ. ಹಾಗಾಗಿ ಅಪ್ಪನ ಇಂಚಿನ ಸ್ಪ್ಯಾನರ್ ಸೆಟ್ ಅವರಿಗೆ ಕೊಟ್ಟಿದ್ದೇನೆ. ಅಮ್ಮನೇ ಹೇಳಿದ್ದು. ಈ ಗಾಡಿಗೆ ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ, ಆದ್ದರಿಂದ ಇನ್ನು ಮುಂದೆ ಬಾನೆಟ್ ತೆರೆಯಬೇಕಾದರೆ ಕಾಕ ಬರಲೇಬೇಕು.

ಮುಂದಿನ ಭಾನುವಾರ ಹೆಡ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಟ್ಯಾಪೆಟ್, ಅಂದರೆ ವಾಲ್ವಿನ ಸಂದು, 15 ಥೌಗೆ (ಇಂಚಿನ ಸಾವಿರದಲ್ಲಿ 15 ಭಾಗಕ್ಕೆ) ಇಟ್ಟು, ಆಯಿಲ್ ಬದಲಿಸುವುದಿದೆ. ಕಾಕ ಬೆಳಗಿನ ಬಸ್ಸಿಗೇ ಬರುತ್ತಾರೆ. ನೀವೂ ಬನ್ನಿ, ಊಟ ನಮ್ಮಲ್ಲೇ.