ಕಂಪ್ರೆಷನ್ ಅಳೆಯದೆ ಎಂಜಿನ್ ಬಿಚ್ಚಿಸಬೇಡಿ

ಮಾನ್ಯ ಸಂಪಾದಕರೆ,

ಹಳೆಯ ವಾಹನಗಳ ಆರೈಕೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ, ಪಿಕಪ್ ಕುಗ್ಗಿ ಹೊಗೆ ಹೆಚ್ಚಾದರೆ ಎಂಜಿನ್ ಬಿಚ್ಚಿಸಿ ಪಿಸ್ಟನ್ ರಿಂಗ್ (ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಸಂದು ಮುಚ್ಚುವ ಬಳೆ) ಬದಲಿಸಬೇಕೆಂದು ಹೇಳಲಾಗಿತ್ತು. ಅದಕ್ಕೂ ಮುನ್ನ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡವನ್ನು ಅಳೆಯಬೇಕೆಂಬ ಮಾತು ಅಲ್ಲಿ ಇರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಕೂರಿಸಲು ಬಲ್ಲವರು ಪೆಟ್ರೋಲ್ ಎಂಜಿನ್ನಿನಲ್ಲಿ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಪ್ಲಗ್ಗಿನ ಥ್ರೆಡ್ಡಿಗೆ ಹೊಂದುವ ಕಂಪ್ರೆಷನ್ ಗೇಜ್ (ಒತ್ತಡ ತೋರಿಸುವ ಮಾಪಕ), ಪೂರ್ತಿ ಚಾರ್ಜ್ ಆದ ಬ್ಯಾಟರಿ ಮತ್ತು ಸೆಲ್ಫ್ ಹೊಡೆಯಲು ಇನ್ನೊಬ್ಬರು ಇದ್ದರೆ ಸಾಕು.

ಎಂಜಿನ್ ಬೆಚ್ಚಗಿರಬೇಕು, ಆದರೆ ಮುಟ್ಟಲಾಗದಷ್ಟು ಬಿಸಿ ಇರಬಾರದು. ಸುಡುವ ಅಲ್ಯೂಮಿನಿಯಂ ಹೆಡ್ಡಿನಿಂದ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ ಭಾಗ) ಪ್ಲಗ್ ಬಿಚ್ಚಲು ಹೋದರೆ ಥ್ರೆಡ್ ಕಿತ್ತು ಬರುವ ಅಪಾಯವಿದೆ. ಪ್ಲಗ್ ಸುತ್ತಲಿನ ಮಣ್ಣುಧೂಳನ್ನು ಊದಿ ತೆಗೆದ ಮೇಲೆ ಎಲ್ಲ ಪ್ಲಗ್‌ಗಳನ್ನೂ ಬಿಚ್ಚಬೇಕು. ತೆರೆದ ರಂಧ್ರಗಳಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಒಂದು ಕಿಡಿ ತಗುಲಿದರೂ ಬೆಂಕಿ ಹತ್ತಿಕೊಳ್ಳಬಹುದಾದ್ದರಿಂದ ಇಗ್ನಿಷನ್ ಕಾಯಿಲ್ಲಿನ ಕನೆಕ್ಷನ್ ತಪ್ಪಿಸಿ, ಇಂಜೆಕ್ಷನ್ ಇರುವ ವಾಹನವಾದರೆ ಇಂಧನ ಪೂರೈಕೆಯನ್ನೂ ನಿಲ್ಲಿಸುವುದು ಕಡ್ಡಾಯ. ಗೇರ್ ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್ ಬ್ರೇಕ್ ಹಾಕಿರಲಿ. ಸೆಲ್ಫ್ ಹೊಡೆಯುವಾಗ ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದಿರಬೇಕು. ಇದನ್ನು ಮರೆತರೆ ಸಿಲಿಂಡರಿಗೆ ಸಾಕಷ್ಟು ಗಾಳಿ ಹೋಗದೆ ಎಲ್ಲ ರೀಡಿಂಗ್‌ಗಳೂ ಒಂದೇ ಸಮನೆ ಕೆಳಗಿಳಿಯುತ್ತವೆ, ಸುಸ್ಥಿತಿಯಲ್ಲಿರುವ ಎಂಜಿನ್ನೂ ಹಾಳಾದಂತೆ ಕಾಣುತ್ತದೆ.

ಒಂದೊಂದೇ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಗೇಜ್ ಕೂರಿಸಿ, ಅದರ ಸೂಜಿ ಐದಾರು ಸಲ ನೆಗೆಯುವವರೆಗೆ ಎಂಜಿನ್ ತಿರುಗಿಸಬೇಕು. ಬಹಳಷ್ಟು ಜನ ಕೊನೆಯ ಅಂಕಿಯನ್ನಷ್ಟೇ ಬರೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮೊದಲ ನೆಗೆತವೂ ಅಷ್ಟೇ ಮುಖ್ಯ. ಒಳ್ಳೆಯ ಸಿಲಿಂಡರಿನಲ್ಲಿ ಸೂಜಿ ಮೊದಲ ಏಟಿಗೇ ಬಹುಪಾಲು ಮೇಲೇರಿ, ಮುಂದಿನ ಎರಡು ಮೂರರಲ್ಲಿ ನಿಲುಗಡೆಗೆ ಬರುತ್ತದೆ. ರಿಂಗ್ ಸವೆದಿದ್ದರೆ ಕೆಳಗಿನಿಂದ ಶುರುವಾಗಿ ಮೆಲ್ಲಗೆ ಏರುತ್ತಾ ಹೋಗುತ್ತದೆ. ಗಾಳಿ ಮತ್ತು ಹೊಗೆಯ ದಾರಿಯನ್ನು ತೆರೆದು ಮುಚ್ಚುವ ವಾಲ್ವ್ ಸರಿಯಾಗಿ ಕೂರದಿದ್ದರೆ ಆರಂಭದಲ್ಲೂ ಕಡಿಮೆ, ಕೊನೆಯಲ್ಲೂ ಕಡಿಮೆ.

ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 120ರಿಂದ 180 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಬರುತ್ತದೆಯಾದರೂ ತಯಾರಕರ ಕೈಪಿಡಿಯಲ್ಲಿರುವುದೇ ಪ್ರಮಾಣ. ಅದಕ್ಕಿಂತ ಹೆಚ್ಚಿನ ಸುಳಿವು ಸಿಲಿಂಡರ್‌ಗಳ ನಡುವಿನ ಅಂತರದಲ್ಲಿ ಸಿಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ನಾಲ್ಕೂ 130ರ ಆಸುಪಾಸಿನಲ್ಲಿದ್ದರೆ ಹಳೆಯ ವಾಹನಕ್ಕೆ ಗಾಬರಿಪಡಬೇಕಿಲ್ಲ. ಮೂರು 150 ತೋರಿಸಿ ಒಂದು 95ಕ್ಕೆ ನಿಂತರೆ ಅಲ್ಲಿ ದೋಷವಿದೆ. ಪಕ್ಕಪಕ್ಕದ ಎರಡರಲ್ಲಿ ಒಟ್ಟಿಗೇ ಕಡಿಮೆಯಾಗಿದ್ದರೆ ಹೆಡ್ಡಿನ ಕೆಳಗೆ ಸಂದು ಮುಚ್ಚಲು ಹಾಕುವ ಹೆಡ್ ಗ್ಯಾಸ್ಕೆಟ್ ಅವುಗಳ ನಡುವೆ ಹಾಳಾಗಿರುವ ಸಾಧ್ಯತೆ ಹೆಚ್ಚು. ಪ್ರಮಾಣಕ್ಕಿಂತ ಜಾಸ್ತಿ ಬಂದರೂ ಸಂತೋಷಪಡುವ ಹಾಗಿಲ್ಲ, ಒಳಗೆ ಕಾರ್ಬನ್ ಕಟ್ಟಿರಬಹುದು.

ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಎಣ್ಣೆ ರಿಂಗ್‌ಗಳ ಸಂದು ತುಂಬುವುದರಿಂದ ರೀಡಿಂಗ್ ಗಣನೀಯವಾಗಿ ಏರಿದರೆ ದೋಷ ರಿಂಗ್ ಅಥವಾ ಬೋರಿನದು (ಸಿಲಿಂಡರಿನ ಒಳಗೋಡೆ). ಏರದಿದ್ದರೆ ಸಂಶಯ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಗೆ ಹೊರಳಬೇಕು, ಆಗ ಮೊದಲು ವಾಲ್ವನ್ನು ತಳ್ಳಿ ತೆರೆಸುವ ಟ್ಯಾಪೆಟ್ ನೋಡುವುದು ವಿವೇಕ. ಅಂತರವಿಲ್ಲದಷ್ಟು ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ, ಅದನ್ನು ಸರಿಪಡಿಸಲು ಎಂಜಿನ್ ಇಳಿಸಬೇಕಾಗಿಯೂ ಇಲ್ಲ.

ಡೀಸೆಲ್ ಎಂಜಿನ್ನಿನ ಒತ್ತಡ 300 ಪಿಎಸ್‌ಐಗೂ ಮೇಲಿರುವುದರಿಂದ ಪೆಟ್ರೋಲ್ ಗೇಜನ್ನು ಅದಕ್ಕೆ ಬಳಸಲೇಬಾರದು. ಎಣ್ಣೆ ಹಾಕುವ ಪ್ರಯೋಗವಂತೂ ಅಲ್ಲಿ ಅಪಾಯಕಾರಿ.

ಎಂಜಿನ್ ಕೆಲಸ ಮಾಡಿಸಬೇಕೆಂದು ಹೇಳುವ ಮೆಕ್ಯಾನಿಕ್‌ಗಳು ಎಣ್ಣೆ ಹಾಕುವ ಮೊದಲಿನ ಮತ್ತು ಹಾಕಿದ ನಂತರದ ರೀಡಿಂಗ್‌ಗಳನ್ನು ಎಸ್ಟಿಮೇಟ್ ಚೀಟಿಯಲ್ಲೇ ಬರೆದುಕೊಡುವ ರೂಢಿ ಬರಬೇಕು. ವಾಹನದ ಮಾಲೀಕರೂ ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು.

ಇಂತಿ,
ಓರ್ವ ಓದುಗ