ಕತ್ತರಿ ಹಿಡಿಯೋ ಮುಂಚೆ

ಪುಟ್ಟಾ,

ಹಾಡು ಕೇಳಿದೆ, ಮೂರು ಸಲ. ಆರು ನಿಮಿಷ ಜಾಸ್ತಿ ಆಯ್ತು, ಮೂರಕ್ಕೆ ಇಳಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ, ನಾವು ಮಾತ್ರ ಬ್ರಿಟನ್ನಿನ ಆ ರಾಕ್ ಬ್ಯಾಂಡ್ ಕ್ವೀನ್ ಥರ, ಬಗ್ಗಲ್ಲ ಅಂತ ಬರೆದಿದ್ದೀಯ. ಓದಿ ನಗು ಬಂತು.

1975ರಲ್ಲಿ ಅವರ 'ಬೊಹೀಮಿಯನ್ ರಾಪ್ಸೋಡಿ' ಹಾಡು ಕೇಳಿದ ರೆಕಾರ್ಡ್ ಕಂಪನಿಯವರಿಗೂ ಅದೇ ಚಿಂತೆ. 5 ನಿಮಿಷ 55 ಸೆಕೆಂಡು, ರೇಡಿಯೋದವರು ಯಾರು ಹಾಕುತ್ತಾರೆ? ಬ್ಯಾಂಡಿನವರು ಒಂದು ಸೆಕೆಂಡೂ ಬಿಟ್ಟುಕೊಡಲಿಲ್ಲ, ನಿಜ. ಆದರೆ ಆ ಹಟಕ್ಕೆ ಮುಂಚೆ ಏನು ನಡೆದಿತ್ತು ಅಂತ ನಿಮ್ಮ ಹುಡುಗರು ಯಾರೂ ಕೇಳಲ್ಲ, ಅಲ್ವಾ?

ನಡುವಿನ ಆಪೆರಾ (ಪಾಶ್ಚಾತ್ಯ ಗೀತನಾಟಕ) ಥರದ ಭಾಗಕ್ಕೇ ಸುಮಾರು ಮೂರು ವಾರ ಹಿಡಿಯಿತು. ಇದ್ದದ್ದು 24 ಟ್ರ್ಯಾಕಿನ ಟೇಪು, ಅಂದರೆ 24 ದನಿ ಬೇರೆಬೇರೆಯಾಗಿ ಹಿಡಿಯೋ ಟೇಪು. ಅಷ್ಟು ದೊಡ್ಡ ಮೇಳದ ಥರ ಕೇಳುತ್ತಲ್ಲ, ಅದು ಬ್ಯಾಂಡಿನ ಮರ್ಕ್ಯುರಿ, ಮೇ, ಟೇಲರ್ ಮೂವರದೇ ಗಂಟಲು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡಿ, ಹಾಡಿದ್ದರ ಮೇಲೆ ಮತ್ತೆ ಹಾಡಿ, ಟ್ರ್ಯಾಕೆಲ್ಲ ತುಂಬಿದಾಗ ಅವನ್ನು ಒಂದೆರಡಕ್ಕೆ ಇಳಿಸಿ ಜಾಗ ಮಾಡಿಕೊಂಡು ಮತ್ತೆ ಶುರು. ಯಂತ್ರದಲ್ಲಿ ಓಡಿ ಓಡಿ ಟೇಪಿನ ಲೇಪ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತಂತೆ.

ಆಮೇಲೆ ರೇಡಿಯೋ. ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದ ಕೆನಿ ಎವರೆಟ್ ಕೈಗೆ ಪ್ರತಿ ಕೊಟ್ಟು, ಪ್ರಸಾರ ಮಾಡಬೇಡಪ್ಪಾ ಅಂದರು. ಅವನು ಮೊದಲು ತುಣುಕು ತುಣುಕಾಗಿ ರುಚಿ ತೋರಿಸಿ, ಕೊನೆಗೆ ಒಂದೇ ವಾರಾಂತ್ಯದಲ್ಲಿ 14 ಸಲ ಹಾಕಿಬಿಟ್ಟ! ಜನ ಅಂಗಡಿಗೆ ಹೋಗಿ ಕೇಳಿದರೆ ರೆಕಾರ್ಡ್ ಇನ್ನೂ ಬಂದೇ ಇಲ್ಲ. ಬ್ರಿಟನ್ನಿನಲ್ಲಿ 9 ವಾರ ಮೊದಲ ಸ್ಥಾನ. ಹಾಗಂತ ವಿಮರ್ಶಕರೆಲ್ಲ ತಲೆದೂಗಲಿಲ್ಲ. ಅಮೆರಿಕದಲ್ಲಿ 1976ರಲ್ಲಿ ಅದು ಏರಿದ್ದು 9ನೇ ಸ್ಥಾನದವರೆಗೆ. 1992ರಲ್ಲಿ ಸಿನಿಮಾವೊಂದರಲ್ಲಿ ಹುಡುಗರು ಕಾರಿನೊಳಗೆ ಕೂತು ತಲೆ ಕುಣಿಸಿದ ಮೇಲೆ 2ಕ್ಕೆ ಬಂತು. ಆ ಹೊತ್ತಿಗೆ ಮರ್ಕ್ಯುರಿಯೇ ಇರಲಿಲ್ಲ.

ಈಗ ನಿನ್ನದು. ಎರಡನೇ ಪಲ್ಲವಿ ಮುಗಿದ ಮೇಲೆ ಗಿಟಾರ್ ಸುಮ್ನೆ ಅದೇ ನಾಲ್ಕು ಸ್ವರಗುಚ್ಛ (ಕಾರ್ಡ್) ಸುತ್ತುತ್ತೆ, ಹಾಡುವವನು ನೀರು ಕುಡಿಯೋಕೆ ಹೋಗಿ ಅಲ್ಲೇ ಮಲಗಿದನೇನೋ ಅನ್ನೋ ಹಾಗೆ. ಅದನ್ನು ತೆಗಿ. ಯಾರೋ ಉದ್ದ ಅಂದರು ಅಂತಲ್ಲ, ಅಲ್ಲಿ ನೀವೇ ಕೆಲಸ ಮಾಡಿಲ್ಲ. ಕೊನೆಯಲ್ಲಿ ಡ್ರಮ್ ನಿಂತು ಬರೀ ಮೂರು ದನಿ ಉಳಿಯುತ್ತಲ್ಲ, ಅದನ್ನು ಮಾತ್ರ ಯಾರು ಹೇಳಿದರೂ ಮುಟ್ಟಬೇಡ. ನಾನೂ ನಿನ್ನ ವಯಸ್ಸಲ್ಲಿ ಯಾರದೋ ಮಾತು ಕೇಳಿ ಅಂಥದ್ದೇ ಒಂದು ಭಾಗ ಕತ್ತರಿಸಿದ್ದೆ. ಆ ಕ್ಯಾಸೆಟ್ ಇನ್ನೂ ಇದೆ, ಹಾಕಿ ಕೇಳಲ್ಲ.

ಆ ಮೂರು ದನಿಯಲ್ಲಿ ನಡುವಿನದು ಒಂಚೂರು ಶ್ರುತಿ ತಪ್ಪಿದೆ. ಮತ್ತೆ ಹಾಡಿಸಿ ಕಳಿಸು.

ನಿನ್ನ ಮಾಮ