ಗಾಂಜಾ: ಜೈಲಿನ ಮಾತು ಮೊದಲು, ಅಂಗಡಿಯ ಮಾತು ಆಮೇಲೆ

ಮಾನ್ಯ ಶಾಸಕರೇ,

ನಮಸ್ಕಾರ. ಗಾಂಜಾ ಚರ್ಚೆ ಬಂದಾಗಲೆಲ್ಲ ನೀವು ಎರಡು ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತೀರಿ. ಸೇದಿದವರನ್ನು ಜೈಲಿಗೆ ಹಾಕಬೇಕಾ? ಅಂಗಡಿ ತೆರೆದು ಮಾರಬೇಕಾ? ಜೈಲು ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಂಗಡಿಗೆ ಮಾತ್ರ ಅವಸರ ಮಾಡಬೇಡಿ.

ಜೇಬಿನಲ್ಲಿ ಸಣ್ಣ ಪೊಟ್ಟಣ ಸಿಕ್ಕ 19 ವರ್ಷದ ಹುಡುಗನನ್ನು ನೆನೆಸಿಕೊಳ್ಳಿ. ನಶೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಕೇಸು ಇಳಿಯುವುದಿಲ್ಲ. ಕೆಲಸದ ಅರ್ಜಿಯಲ್ಲಿ 'ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ?' ಅನ್ನುವ ಕಾಲಂ ಬರುತ್ತದೆ. ಮುಂದೆ ವೀಸಾ ಫಾರಂನಲ್ಲೂ ಅದೇ. ಹೌದು ಅಂದರೆ ಕೆಲಸ ಹೋಯಿತು, ಇಲ್ಲ ಅಂದರೆ ಸುಳ್ಳು ಹೇಳಿದಂತೆ. ಇದರಿಂದ ಯಾರ ಆರೋಗ್ಯ ಸುಧಾರಿಸಿತು, ಹೇಳಿ?

ಪೋರ್ಚುಗಲ್ 2001ರಲ್ಲೇ ಬೇರೆ ದಾರಿ ಹಿಡಿಯಿತು. ಸ್ವಂತಕ್ಕೆಂದು ಸ್ವಲ್ಪ ಇಟ್ಟುಕೊಂಡವರು ಕೋರ್ಟಿಗಲ್ಲ, ಒಂದು ಸಮಿತಿಯ ಮುಂದೆ ಹೋಗುತ್ತಾರೆ. ಚಟ ಅಂಟಿದ್ದರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಮಾರುವುದು ಅಲ್ಲಿ ಈಗಲೂ ಅಪರಾಧವೇ. ನಮಗೂ ಇಷ್ಟು ಸಾಕು ಅನ್ನೋದು ನನ್ನ ವಾದ.

ಅಂಗಡಿಯ ಕಥೆಯೇ ಬೇರೆ. 2013ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಗಾಂಜಾ ಮಾರಾಟಕ್ಕೆ ಕಾನೂನು ಮಾಡಿದ ಉರುಗ್ವೆ, ಔಷಧಿ ಅಂಗಡಿಯಲ್ಲಿ ಮಾರಾಟ ಶುರು ಮಾಡಿದ್ದು 2017ರಲ್ಲಿ. ಹೆಸರು ನೋಂದಾಯಿಸಿದ ವಯಸ್ಕರಿಗೆ ತಿಂಗಳಿಗೆ 40 ಗ್ರಾಂ, ಜಾಹೀರಾತು ಇಲ್ಲವೇ ಇಲ್ಲ. ಥಾಯ್ಲೆಂಡ್ ಇದಕ್ಕೆ ತದ್ವಿರುದ್ಧ. 2022ರ ಜೂನ್‌ನಲ್ಲಿ ಮಾದಕವಸ್ತುಗಳ ಪಟ್ಟಿಯಿಂದ ಗಾಂಜಾ ತೆಗೆದರು, ಮಾರಾಟಕ್ಕೆ ಸರಿಯಾದ ಕಾನೂನು ಮಾತ್ರ ತಯಾರಿರಲಿಲ್ಲ. ಸಾವಿರಾರು ಅಂಗಡಿಗಳು ಎದ್ದವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಎಂದು ಹಿಂದೆ ಸರಿಯಬೇಕಾಯಿತು.

ಮಾಲೂ ಬದಲಾಗಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ 1995ರಲ್ಲಿ ಸುಮಾರು ಶೇ. 4 ಇತ್ತು, 2014ರ ಹೊತ್ತಿಗೆ ಶೇ. 12ರ ಹತ್ತಿರ ಬಂತು. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಗಾಂಜಾ ಬೆರೆಸಿದ ಚಾಕೊಲೇಟು, ಜೆಲ್ಲಿಗಳದ್ದು. ಸೇದಿದರೆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ತಿಂದರೆ ಏರಲು ಅರ್ಧ ಗಂಟೆ, ಕೆಲವೊಮ್ಮೆ ಎರಡು ಗಂಟೆ ಬೇಕು. ಏನೂ ಆಗಲಿಲ್ಲವಲ್ಲ ಅಂತ ಇನ್ನೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಬಣ್ಣದ ಜೆಲ್ಲಿ ಕಂಡರೆ ಪುಟ್ಟ ಮಗು ಸುಮ್ನೆ ಬಿಡುತ್ತಾ?

ಮದ್ಯ ಮಾರಬಹುದಾದರೆ ಇದೇಕೆ ಬೇಡ ಅಂತ ಕೇಳುವವರಿದ್ದಾರೆ. ಮದ್ಯವನ್ನು ನೋಡಿಯೇ ನಾನು ಹೆದರುವುದು. ಖಜಾನೆಗೆ ಒಮ್ಮೆ ಆ ತೆರಿಗೆಯ ರುಚಿ ಹತ್ತಿದರೆ, ಕುಡಿಯುವವರು ಕಡಿಮೆಯಾಗಲಿ ಅಂತ ಯಾವ ಸರ್ಕಾರ ಮನಸ್ಸಿನಿಂದ ಬಯಸುತ್ತದೆ?

ಔಷಧಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ಮಕ್ಕಳ ಕೆಲವು ತೀವ್ರ ಮೂರ್ಛೆರೋಗಗಳಿಗೆ ಈ ಗಿಡದಿಂದ ತೆಗೆದ ಔಷಧಿಗೆ ಅಮೆರಿಕ 2018ರಲ್ಲೇ ಒಪ್ಪಿಗೆ ಕೊಟ್ಟಿದೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಎರಡು ಮಸೂದೆಗಳನ್ನು ಬೇರೆ ಬೇರೆ ತನ್ನಿ. ಸ್ವಂತ ಬಳಕೆಗೆ ಜೈಲು ತೆಗೆಯುವ, ಹಳೆಯ ಸಣ್ಣ ಕೇಸುಗಳನ್ನು ಅಳಿಸುವ ಮಸೂದೆಯನ್ನು ಈ ಅಧಿವೇಶನದಲ್ಲೇ ಮಂಡಿಸಿ. ಟಿಎಚ್‌ಸಿ ಮಿತಿ, ವಯಸ್ಸು, ಜಾಹೀರಾತು ನಿಷೇಧ, ತಿನಿಸುಗಳ ಪ್ಯಾಕೆಟ್ಟು, ಇವೆಲ್ಲ ಕಾಗದದ ಮೇಲೆ ಬರುವ ತನಕ ಮಾರಾಟದ ಮಸೂದೆಗೆ ಕೈ ಎತ್ತಬೇಡಿ.

ಇಂತಿ,
ನಿಮ್ಮ ಮತದಾರ